ಕೊನೆಯ ಅಧ್ಯಾಯ ಓದಿದ್ದೀರಾ, ಸರ್?

ಭಾನುವಾರ ಬೆಳಗ್ಗೆ ಹತ್ತೂವರೆಗೆ ಪುಸ್ತಕ ಬಿಡುಗಡೆ. ಒಂಬತ್ತೂವರೆಯಿಂದಲೇ ಉಪ್ಪಿಟ್ಟು, ಕೇಸರಿಬಾತು, ಕಾಫಿ. ವೇದಿಕೆಯ ಮೇಲೆ ಎರಡು ಕುರ್ಚಿ, ನಡುವೆ ಟೀಪಾಯಿ, ಅದರ ಮೇಲೆ ಎರಡು ನೀರಿನ ಬಾಟಲಿ, ಪಕ್ಕದಲ್ಲಿ ಅಂದಿನ ಪುಸ್ತಕದ ಒಂದು ಪ್ರತಿ. ಎದುರಿಗೆ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ. ಲೇಖಕಿಯ ಜೊತೆ ನಲವತ್ತು ನಿಮಿಷ ಸಂವಾದ ನಡೆಸಿಕೊಡುವುದು ನನ್ನ ಕೆಲಸ. ಆಕೆ ತುಮಕೂರು ಕಡೆಯ ಹೈಸ್ಕೂಲೊಂದರಲ್ಲಿ ಪಾಠ ಮಾಡುವವರು, ಅದು ಅವರ ಮೊದಲ ಕಾದಂಬರಿ. ಪಿಡಿಎಫ್ ನನ್ನ ಮೊಬೈಲಿಗೆ ಬಂದದ್ದು ಗುರುವಾರ ರಾತ್ರಿ. ಶನಿವಾರ ಮಲಗುವ ಹೊತ್ತಿಗೆ 212 ಪುಟದಲ್ಲಿ 150 ಮುಗಿಸಿದ್ದೆ. ಪ್ರಶ್ನೆ ಕೇಳಲು ಇಷ್ಟು ಸಾಕು ಎಂದುಕೊಂಡಿದ್ದೆ. ಎಷ್ಟೋ ಸಲ ಸಾಕಾಗಿತ್ತು ಕೂಡ.

ಕಾದಂಬರಿಯನ್ನು ಹೇಳುವವಳು ಸೊಸೆ. ಬೆಂಗಳೂರಿನಲ್ಲಿ ಬೆಳೆದು ಸಣ್ಣ ಊರಿನ ದೊಡ್ಡ ಮನೆಗೆ ಬಂದವಳು. ಅತ್ತೆಯ ಮೌನ, ಗಂಡನ ಜಾರಿಕೆ, ಅಡುಗೆಮನೆಯ ಕತ್ತಲು ಎಲ್ಲವನ್ನೂ ಅವಳು 'ನಾನು' ಎಂದೇ ಹೇಳುತ್ತಾಳೆ. ಹತ್ತನೆಯ ನಿಮಿಷಕ್ಕೆ ನಾನು ಎಲ್ಲರೂ ಕೇಳುವ ಪ್ರಶ್ನೆಯನ್ನೇ ಕೇಳಿದೆ. "ಮೇಡಂ, ಇದರಲ್ಲಿ ನಿಮ್ಮ ಸ್ವಂತ ಬದುಕು ಎಷ್ಟಿದೆ? ಈ ಸೊಸೆ ನೀವೇ ಅನ್ನಬಹುದಾ?" ಆಕೆ ಮೈಕನ್ನು ಸ್ವಲ್ಪ ದೂರ ಹಿಡಿದು, ನನಗೊಬ್ಬನಿಗೇ ಕೇಳುವ ಹಾಗೆ, ಸಿಟ್ಟಿಲ್ಲದೆ ಕೇಳಿದರು. "ಕೊನೆಯ ಅಧ್ಯಾಯ ಓದಿದ್ದೀರಾ, ಸರ್?"

ನಾನು ನಕ್ಕೆ. ಆಕೆಯೂ ನಕ್ಕು, ಮೈಕು ಹತ್ತಿರ ತಂದುಕೊಂಡು, ಹೆಣ್ಣುಮಕ್ಕಳು ಬರೆದಾಗ ಈ ಪ್ರಶ್ನೆ ಬಂದೇ ಬರುತ್ತದೆ ಎಂದು ಬೇರೆ ಕಡೆ ಮಾತು ತಿರುಗಿಸಿ ನನ್ನ ಮಾನ ಉಳಿಸಿದರು. ಸಭೆಯಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ. ಗೊತ್ತಾಗುವುದಾದರೂ ಹೇಗೆ? ಪುಸ್ತಕ ಇನ್ನೂ ಯಾರ ಕೈಗೂ ಸೇರಿರಲಿಲ್ಲ. ಆ ಸಭಾಂಗಣದಲ್ಲಿ ಕಾದಂಬರಿಯನ್ನು ಪೂರ್ತಿ ಓದಿದ್ದವರು ಇಬ್ಬರು, ಬರೆದವರು ಮತ್ತು ಕರಡು ತಿದ್ದಿದವರು. ಪ್ರಕಾಶಕರನ್ನು ಸೇರಿಸಿದರೆ ಮೂರು ಎನ್ನಬಹುದೇನೋ. ಉಳಿದವರೆಲ್ಲ ಓದಿಲ್ಲದ ಪುಸ್ತಕದ ಬಗ್ಗೆ ಅರ್ಧ ಓದಿದವನು ಕೇಳಿದ ಪ್ರಶ್ನೆಗೆ ಚಪ್ಪಾಳೆ ತಟ್ಟುತ್ತಿದ್ದರು.

ಮನೆಗೆ ಬಂದು ಉಳಿದ ಅರವತ್ತು ಪುಟ ಓದಿದೆ. ಕೊನೆಯ ಅಧ್ಯಾಯದಲ್ಲಿ ಗೊತ್ತಾಗುತ್ತದೆ, ಇಷ್ಟೂ ಬರೆದವಳು ಸೊಸೆಯಲ್ಲ, ಅತ್ತೆ. ಮನೆ ಬಿಟ್ಟು ಹೋದ ಸೊಸೆಗೆ ತಾನು ಹೇಗೆ ಕಂಡಿರಬಹುದು ಎಂದು ಒಂದು ಹಳೆಯ ಲೆಕ್ಕದ ಪುಸ್ತಕದಲ್ಲಿ, ಆ ಹುಡುಗಿಯ ಬಾಯಿಂದಲೇ, ಅತ್ತೆ ಬರೆದುಕೊಂಡದ್ದು. ಅಲ್ಲಿಯವರೆಗೆ ಓದಿದ ಪ್ರತಿ ದೂರಿನ ಅರ್ಥವೂ ಆ ಒಂದು ಅಧ್ಯಾಯದಿಂದ ಮಗುಚಿಕೊಳ್ಳುತ್ತದೆ. ಅಂಥ ಪುಸ್ತಕ ಬರೆದವರ ಮುಂದೆ ಕೂತು ನಾನು, ಈ ಸೊಸೆ ನೀವೇನಾ ಎಂದಿದ್ದೆ.

ಈ ನಾಚಿಕೆಯನ್ನು ಇಲ್ಲಿ ಹೇಳಿಕೊಳ್ಳುವುದಕ್ಕೆ ಕಾರಣವಿದೆ. ಕಳೆದ ಕೆಲವು ವರ್ಷಗಳಲ್ಲಿ ಕನ್ನಡದ ಹೊಸ ಪುಸ್ತಕಗಳು ಓದುಗರ ಹತ್ತಿರ ಬರುವ ದಾರಿ ಬದಲಾಗಿದೆ. ಮೊದಲು ಬಿಡುಗಡೆಯೆಂದರೆ ಉದ್ಘಾಟನೆ, ಅಧ್ಯಕ್ಷತೆ, ನಡುವೆ 'ಕೃತಿ ಕುರಿತು' ಎಂದು ಒಬ್ಬರ ಭಾಷಣ. ಆ ಭಾಷಣ ಎಷ್ಟು ಉದ್ದವಾದರೂ, ಎಷ್ಟು ಆಕಳಿಕೆ ತರಿಸಿದರೂ, ಮಾತಾಡುವವರು ಪುಸ್ತಕ ಓದಿಕೊಂಡು ಬರಬೇಕಿತ್ತು. ಓದದೆ ಬಂದರೆ ಐದನೆಯ ನಿಮಿಷಕ್ಕೆ ಬಣ್ಣ ಬಯಲು. ಈಗ ಆ ಜಾಗಕ್ಕೆ ಸಂವಾದ ಬಂದಿದೆ. ಸಂವಾದದಲ್ಲಿ ಓದಬೇಕಾದ ಹೊರೆ ಯಾರ ಮೇಲೂ ಇಲ್ಲ. ಕೇಳುವವನು ಓದಿರದಿದ್ದರೂ ಉತ್ತರಿಸುವವರು ತುಂಬಿಕೊಡುತ್ತಾರೆ, ತಮ್ಮ ಪುಸ್ತಕ ಅವರಿಗೆ ಗೊತ್ತೇ ಇರುತ್ತದಲ್ಲ. ವಿಮರ್ಶಕ ಹೇಳಬೇಕಾದದ್ದನ್ನು ಲೇಖಕರಿಂದಲೇ ಹೇಳಿಸಿ, ನಾವು ತಲೆದೂಗಿ, ಫೋಟೋ ತೆಗೆಸಿಕೊಂಡು ಇಳಿಯುತ್ತೇವೆ.

ಪ್ರಚಾರವೇ ತಪ್ಪು ಎನ್ನುವ ಮಡಿವಂತಿಕೆ ನನಗಿಲ್ಲ. ಸಾವಿರ ಪ್ರತಿ ಅಚ್ಚು ಹಾಕಿಸಿ, ಅವು ಖಾಲಿಯಾಗಲು ವರ್ಷಗಟ್ಟಲೆ ಕಾಯುವ ಪ್ರಕಾಶಕರನ್ನು ಹತ್ತಿರದಿಂದ ನೋಡಿದ್ದೇನೆ. ದಿನಪತ್ರಿಕೆಯ ಪುಸ್ತಕದ ಅಂಕಣದಲ್ಲಿ ಜಾಗ ಸಿಗುವುದು ಕಷ್ಟ. ಯಾರ ಪರಿಚಯವೂ ಇಲ್ಲದ ತಾಲ್ಲೂಕಿನ ಲೇಖಕಿಗೆ, ಹಿರಿಯರೊಬ್ಬರ ಮನೆಯ ಮುಂದೆ ಬೆನ್ನುಡಿಗಾಗಿ ಮೂರು ತಿಂಗಳು ಕಾಯುವುದಕ್ಕಿಂತ, ಮೊಬೈಲಿನ ಮುಂದೆ ಇಪ್ಪತ್ತು ನಿಮಿಷ ತಾನೇ ಮಾತಾಡುವುದು ಎಷ್ಟೋ ಘನತೆಯ ಕೆಲಸ. ನಮ್ಮ ಮುನ್ನುಡಿ, ಬೆನ್ನುಡಿಗಳ ಆಶೀರ್ವಾದದ ಪದ್ಧತಿಗೆ ಹೋಲಿಸಿದರೆ ಸಂದರ್ಶನ ಹೆಚ್ಚು ಪ್ರಜಾಸತ್ತಾತ್ಮಕ ಎಂದೇ ನನ್ನ ನಂಬಿಕೆ. ನನ್ನ ಕಪಾಟಿನ ಎಷ್ಟೋ ಪುಸ್ತಕಗಳನ್ನು ಲೇಖಕರ ಮಾತು ಕೇಳಿಯೇ ಕೊಂಡಿದ್ದೇನೆ.

ಲೇಖಕರು ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುವುದು ಕನ್ನಡಕ್ಕೆ ಹೊಸದೂ ಅಲ್ಲ. ಸಂದರ್ಶಕರೆಲ್ಲ ಇವತ್ತು ಕೇಳುವ ಪ್ರಶ್ನೆ, ಇದನ್ನು ಬರೆಯಲು ಎಷ್ಟು ಕಾಲ ಹಿಡಿಯಿತು ಎಂಬುದು. ಪಂಪ ಸಾವಿರ ವರ್ಷಗಳ ಹಿಂದೆಯೇ ಅದಕ್ಕೆ ಉತ್ತರ ಕೊಟ್ಟಿದ್ದಾನೆ: ಭಾರತಕ್ಕೆ ಆರು ತಿಂಗಳು, ಆದಿಪುರಾಣಕ್ಕೆ ಮೂರು. ಹೇಗೆ ಬರೆಯುತ್ತೀರಿ, ಎಷ್ಟು ಸಲ ತಿದ್ದುತ್ತೀರಿ ಎಂಬ ಪ್ರಶ್ನೆಗೆ ಕುಮಾರವ್ಯಾಸನ ಉತ್ತರ, ತನಗೆ ಹಲಗೆ ಬಳಪವೇ ಬೇಡ, ಬರೆದದ್ದನ್ನು ಅಳಿಸುವ ಮಾತೇ ಇಲ್ಲ ಎನ್ನುವುದು. ರನ್ನನಂತೂ ತನ್ನ ಕೃತಿಯನ್ನು ಪರೀಕ್ಷಿಸುವವನಿಗೆ ಎಂಟೆದೆ ಇದೆಯೇ ಎಂದು ಸವಾಲು ಹಾಕಿದವನು. ಇವತ್ತು ಯಾರಾದರೂ ಕ್ಯಾಮೆರಾ ಮುಂದೆ ಹಾಗೆಂದರೆ ಸಂಜೆಯೊಳಗೆ ಆ ತುಣುಕು ಊರೆಲ್ಲ ಸುತ್ತಿರುತ್ತದೆ. ಆದರೆ ಒಂದು ವ್ಯತ್ಯಾಸವಿದೆ. ಪಂಪನ ಆ ಮಾತು ಇರುವುದು ಕಾವ್ಯದ ಒಳಗೆ. ಅದನ್ನು ಕೇಳಬೇಕಾದವನು ಪುಸ್ತಕ ತೆರೆಯಲೇಬೇಕು. ನಮ್ಮ ಕಾಲದ ಸಂದರ್ಶನ ಪುಸ್ತಕದ ಹೊರಗಿದೆ, ಪುಸ್ತಕಕ್ಕಿಂತ ಮೊದಲು ಸಿಗುತ್ತದೆ, ಅದೂ ಪುಕ್ಕಟೆ. ಎಷ್ಟೋ ಜನರಿಗೆ ಅಷ್ಟೇ ಸಾಕೂ ಆಗುತ್ತದೆ.

ಹೀಗೆ ಮೊದಲು ಸಿಕ್ಕ ಮಾತು ಪುಸ್ತಕಕ್ಕೆ ಎಷ್ಟು ಗಟ್ಟಿಯಾಗಿ ಅಂಟಿಕೊಳ್ಳಬಲ್ಲದು ಎಂಬುದಕ್ಕೆ ನಮ್ಮಲ್ಲೇ ಒಂದು ದೊಡ್ಡ ಉದಾಹರಣೆಯಿದೆ. ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲಿ ಬಂತು. ಅದು ಹುಟ್ಟಿದ ಕಥೆಯನ್ನು ಅವರು ಎಷ್ಟೋ ಕಡೆ ಹೇಳಿದ್ದಾರೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ, ಗುರುಗಳಾಗಿದ್ದ ಮಾಲ್ಕಂ ಬ್ರಾಡ್ಬರಿಯವರ ಜೊತೆ ಬರ್ಗ್‌ಮನ್ನನ 'ದಿ ಸೆವೆಂತ್ ಸೀಲ್' ಸಿನಿಮಾವನ್ನು ಸಬ್‌ಟೈಟಲ್ ಇಲ್ಲದೆ ನೋಡಿದ್ದು. ಯುರೋಪಿನವನು ಮಧ್ಯಯುಗವನ್ನು ಓದಿನಿಂದ ಕಟ್ಟಿಕೊಳ್ಳಬೇಕು, ಭಾರತೀಯನಿಗೆ ಅದು ತನ್ನೊಳಗೇ, ತನ್ನ ಊರಲ್ಲೇ ಬದುಕಿದೆ ಎಂಬ ಮಾತು ಆಗ ಬಂದದ್ದು. ಆ ಹೊಳಹಿನಿಂದ ಕಾದಂಬರಿ ಬರೆಯಲು ಕೂತದ್ದು. ಬಹಳ ಚಂದದ ಕಥೆ. ಸಿನಿಮಾದಲ್ಲೂ ಪ್ಲೇಗು, ಕಾದಂಬರಿಯಲ್ಲೂ ಪ್ಲೇಗು. ಹೇಳಿದವರೋ ಮಾತಿನಲ್ಲಿ ಅವರಿಗೆ ಸಮನಾದವರು ಕಡಿಮೆ ಎನ್ನುವಂಥವರು. ಕಥೆ ಕೇಳಿದ ಮೇಲೆ ಕಾದಂಬರಿ ಅದರ ವಿಸ್ತರಣೆ ಎಂಬಂತೆ ಕಾಣತೊಡಗುತ್ತದೆ.

ಕೆಲವು ವರ್ಷ ಕನ್ನಡ ಎಂ.ಎ. ವಿದ್ಯಾರ್ಥಿಗಳಿಗೆ 'ಸಂಸ್ಕಾರ'ದ ಬಗ್ಗೆ ಮಾತಾಡುವ ಅವಕಾಶ ಸಿಕ್ಕಿತ್ತು. ಏನು ನೆನಪಿದೆ ಹೇಳಿ ಎಂದರೆ ಮೊದಲು ಏಳುವ ಕೈ ಬರ್ಗ್‌ಮನ್ನನದು. ಆಮೇಲೆ 'ಸಂಪ್ರದಾಯ ಮತ್ತು ಆಧುನಿಕತೆಯ ಸಂಘರ್ಷ'. ಮೂರನೆಯದಾಗಿ ಪ್ರಾಣೇಶಾಚಾರ್ಯರು. ಚಂದ್ರಿಯ ಹೆಸರು ಬರುವುದು ಅದಕ್ಕೂ ಆಮೇಲೆ. ಒಮ್ಮೆ ನಾನು ಕೇಳಿದೆ, ಕಾದಂಬರಿಯಲ್ಲಿ ಯಾರು ಯಾರು ಊಟ ಮಾಡುತ್ತಾರೆ, ಎಲ್ಲಿ ಮಾಡುತ್ತಾರೆ? ತರಗತಿ ಸುಮ್ಮನಾಯಿತು. ಯಾವುದೋ ತಮಾಷೆ ಎಂದುಕೊಂಡರು.

ತಮಾಷೆಯಲ್ಲ. ನಾರಣಪ್ಪನ ಹೆಣ ಎತ್ತದೆ ಅಗ್ರಹಾರದವರು ಉಣ್ಣುವ ಹಾಗಿಲ್ಲ. ಶವಸಂಸ್ಕಾರ ಯಾರು ಮಾಡಬೇಕೆಂಬ ಧರ್ಮಸೂಕ್ಷ್ಮ ಎಷ್ಟು ಗಂಭೀರವೋ, ಹೊಟ್ಟೆಯ ಸಂಕಟವೂ ಅಷ್ಟೇ ಗಂಭೀರ. ಹಸಿವು ತಡೆಯಲಾರದೆ ಪಾರಿಜಾತಪುರಕ್ಕೆ ಹೋಗಿ ಗುಟ್ಟಾಗಿ ತಿಂದು ಬರುವ ದಾಸಾಚಾರ್ಯನಿದ್ದಾನೆ. ಕಾಡಿನ ಕತ್ತಲಲ್ಲಿ ಪ್ರಾಣೇಶಾಚಾರ್ಯರಿಗೆ ಚಂದ್ರಿ ಮಡಿಲಿನ ಬಾಳೆಹಣ್ಣು ತಿನ್ನಿಸುತ್ತಾಳೆ. ಊರು ಬಿಟ್ಟು ಹೊರಟ ಆಚಾರ್ಯರು ಕೊನೆಗೆ ಮೇಳಿಗೆಯ ದೇವಸ್ಥಾನದಲ್ಲಿ ಸೂತಕದಲ್ಲೇ ಪಂಕ್ತಿಯಲ್ಲಿ ಕೂತು ಎಲೆಯ ಮುಂದೆ ಬೆವರುತ್ತಾರೆ. ಕಾದಂಬರಿಯ ತಿರುವುಗಳನ್ನು ತುತ್ತುಗಳಿಂದಲೇ ಎಣಿಸಬಹುದು. ಇದು ಹಸಿವಿನ ಕಾದಂಬರಿ ಕೂಡ. ಚಂದ್ರಿ ಸಂಸ್ಕಾರಕ್ಕೆಂದು ಬಿಚ್ಚಿಟ್ಟ ಒಡವೆಯ ಮೇಲೆ ಅಗ್ರಹಾರದವರ ಕಣ್ಣು ಬೀಳುವುದೂ ಇನ್ನೊಂದು ಬಗೆಯ ಹಸಿವೇ. ಬರ್ಗ್‌ಮನ್ನನ ಕಥೆಯೊಳಗೆ ಈ ಹಸಿವಿಗೆ ಜಾಗವಿಲ್ಲ. ಯಾಕೆಂದರೆ ಆ ಕಥೆ ಹುಟ್ಟಿದ್ದು ಯುರೋಪಿನ ವಿದ್ವಾಂಸನ ಜೊತೆಗಿನ ಮಾತಿನಲ್ಲಿ, ಆಲೋಚನೆಗಳ ಭಾಷೆಯಲ್ಲಿ. ಅನಂತಮೂರ್ತಿ ಸುಳ್ಳು ಹೇಳಿದರು ಎಂದಲ್ಲ. ಅವರು ಹೇಳಿದ್ದು ಕಾದಂಬರಿ ಶುರುವಾದ ಕಾರಣ. ಶುರುವಾದ ಮೇಲೆ ಕಾದಂಬರಿ ಏನು ಮಾಡಿತು ಎಂಬುದು ಬೇರೆ ಪ್ರಶ್ನೆ. ಅದನ್ನು ಅವರನ್ನು ಯಾರೂ ಕೇಳಲೇ ಇಲ್ಲ ಎನ್ನಲಾರೆ, ಆದರೆ ವಿದ್ಯಾರ್ಥಿಗಳ ಕಿವಿಯಲ್ಲಿ ಉಳಿದದ್ದು ಮೊದಲನೆಯ ಉತ್ತರ ಮಾತ್ರ. 'ಪ್ರೇರಣೆ ಏನು?' ಎಂಬ ಪ್ರಶ್ನೆಯ ಬಗ್ಗೆ ನನಗೆ ಇರುವ ಅನುಮಾನ ಇದೇ. ಅದು ಪುಸ್ತಕವನ್ನು ಅದರ ಹೊಸ್ತಿಲಲ್ಲೇ ನಿಲ್ಲಿಸಿ ಮಾತಾಡಿಸುತ್ತದೆ.

ಎರಡನೆಯ ಪ್ರಶ್ನೆ, ನಾನು ಮುಗ್ಗರಿಸಿದ್ದು, ಬದುಕು ಎಷ್ಟಿದೆ ಎಂಬುದು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್'ಗೆ, ಅಂತಾರಾಷ್ಟ್ರೀಯ ಬೂಕರ್ ಬಂತು. ಕನ್ನಡಕ್ಕೆ ಮೊದಲ ಸಲ, ಸಣ್ಣಕಥೆಗಳ ಸಂಕಲನವೊಂದಕ್ಕೂ ಮೊದಲ ಸಲ. 1990ರಿಂದ 2023ರವರೆಗೆ ಬರೆದ ಹನ್ನೆರಡು ಕಥೆಗಳು. ಆ ಬೇಸಿಗೆಯಲ್ಲಿ ನಾನು ಸಿಕ್ಕ ಸಂದರ್ಶನಗಳನ್ನೆಲ್ಲ ಓದಿದೆ, ನೋಡಿದೆ. ಸಂತೋಷದಿಂದಲೇ. ಆದರೆ ಆರೇಳು ಆದ ಮೇಲೆ ಮುಂದಿನ ಪ್ರಶ್ನೆ ಏನೆಂದು ನಾನೇ ಹೇಳಬಲ್ಲವನಾಗಿದ್ದೆ. ಬಾಲ್ಯ, ವಕೀಲಿ ವೃತ್ತಿ, ಲಂಕೇಶ್ ಪತ್ರಿಕೆಯ ದಿನಗಳು, ಬಂಡಾಯ, ಮಸೀದಿಗೆ ಹೆಣ್ಣುಮಕ್ಕಳ ಪ್ರವೇಶದ ಬಗ್ಗೆ ಮಾತಾಡಿದ್ದಕ್ಕೆ 2000ದಲ್ಲಿ ಎದುರಾದ ಬಹಿಷ್ಕಾರ. ಇವೆಲ್ಲ ನಿಜ, ಹೇಳಬೇಕಾದವು, ಹೊರಗಿನವರಿಗೆ ಗೊತ್ತಾಗಬೇಕಾದವು. ಆದರೆ ಪುಸ್ತಕ ಎಲ್ಲಿ?

'ಕರಿ ನಾಗರಗಳು' ಕಥೆಯನ್ನೇ ತೆಗೆದುಕೊಳ್ಳಿ. ಗಂಡ ಕೈಬಿಟ್ಟ ಅಶ್ರಫ್, ಕಾಯಿಲೆಯ ಮಗುವನ್ನು ಎತ್ತಿಕೊಂಡು ನ್ಯಾಯ ಕೇಳಲು ಮುತವಲ್ಲಿಯ ಬಳಿಗೆ ಬರುತ್ತಾಳೆ. ನ್ಯಾಯ ಸಿಗುವುದಿಲ್ಲ, ಮಗು ಸಾಯುತ್ತದೆ. ಹೆಂಗಸರ ಶಾಪ ಮುತವಲ್ಲಿಯ ಬೆನ್ನು ಹತ್ತುತ್ತದೆ. ಗಿರೀಶ ಕಾಸರವಳ್ಳಿಯವರ 'ಹಸೀನಾ' ಬಂದದ್ದು ಈ ಕಥೆಯಿಂದಲೇ. ಸಂದರ್ಶನಗಳಲ್ಲಿ ಇದರ ಮಾತು ಬಂದಾಗಲೆಲ್ಲ, ವಕೀಲರಾಗಿ ಇಂಥ ಹೆಣ್ಣುಮಕ್ಕಳನ್ನು ಕಂಡಿದ್ದೀರಾ ಎಂಬ ಪ್ರಶ್ನೆ ಬರುತ್ತದೆ. ಕಂಡಿರುತ್ತಾರೆ, ಅದರಲ್ಲೇನು. ನನಗೆ ಕೇಳಬೇಕೆನ್ನಿಸುವುದು ಬೇರೆ. ಕಥೆ ಮುಗಿಯುವ ಹೊತ್ತಿಗೆ ನಮ್ಮ ಕಣ್ಣು ಅಶ್ರಫಳ ಮೇಲಿರುವುದಿಲ್ಲ. ಮುತವಲ್ಲಿಯ ಹೆಂಡತಿ ಆಮಿನಾ, ಹೆತ್ತು ಹೆತ್ತು ಸಾಕಾದವಳು, ಗಂಡನ ಅಪ್ಪಣೆಯಿಲ್ಲದೆ ಆಪರೇಷನ್ನಿಗೆ ಹೊರಡುತ್ತಾಳೆ. ಇಡೀ ಕಥೆಯಲ್ಲಿ ಪೆಟ್ಟು ತಿಂದವಳು ಒಬ್ಬಳು, ಕೊನೆಯಲ್ಲಿ ಹೆಜ್ಜೆ ಎತ್ತುವವಳು ಇನ್ನೊಬ್ಬಳು. ಬೀದಿಯಲ್ಲಿ ಸಿಗದ ನ್ಯಾಯ ಮುತವಲ್ಲಿಯ ಮನೆಯೊಳಗಿಂದ, ಬೇರೆ ಹೆಂಗಸಿನ ದೇಹದ ಮೂಲಕ ಬರುತ್ತದೆ. ಈ ಕಥೆಯ ಶಕ್ತಿ ಇರುವುದು ಈ ಕೈಬದಲಾವಣೆಯಲ್ಲಿ. ಅದು ವಕೀಲರ ಕಡತದಲ್ಲಿ ಸಿಗುವಂಥದ್ದಲ್ಲ, ಕಥೆಗಾರ್ತಿ ಕಟ್ಟಿದ್ದು. ಬದುಕಿನ ಬಗ್ಗೆ ಮಾತ್ರ ಕೇಳಿದಾಗ ನಾವು ಆ ಕಟ್ಟಿದ ಕೆಲಸವನ್ನು ಅವರಿಂದ ಕಸಿದುಕೊಂಡಂತಾಗುತ್ತದೆ. ಕಂಡದ್ದನ್ನು ಬರೆದರು ಅಷ್ಟೇ ಎಂದಂತೆ. ಗಂಡಸು ಬರೆದ ಕಥೆಯಲ್ಲಿ ತಂತ್ರ ಹುಡುಕುವ ನಾವು ಹೆಂಗಸು ಬರೆದ ಕಥೆಯಲ್ಲಿ ಗಾಯ ಹುಡುಕುತ್ತೇವೆ. ನಾನೂ ಅದನ್ನೇ ಮಾಡಿದ್ದೆನಲ್ಲ.

ವಿಚಿತ್ರವೆಂದರೆ ಆ ಸಂದರ್ಶನಗಳಲ್ಲಿ ಪುಟದ ಮೇಲಿನ ಪ್ರಶ್ನೆಗಳು ಹೆಚ್ಚಾಗಿ ಹೋದದ್ದು ಅನುವಾದಕಿಯ ಕಡೆಗೆ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಪ್ರಾರ್ಥನೆಯಲ್ಲಿ ಅರಬ್ಬಿ ಇರುವ ಪಾತ್ರಗಳನ್ನು ಇಂಗ್ಲಿಷಿಗೆ ತರುವುದು ಹೇಗೆ, ಆ ಪದಗಳನ್ನು ಓರೆ ಅಕ್ಷರದಲ್ಲಿ ಹಾಕದೆ, ಅಡಿಟಿಪ್ಪಣಿ ಕೊಡದೆ ಬಿಟ್ಟದ್ದೇಕೆ ಎಂದು ಭಾಸ್ತಿಯವರನ್ನು ಕೇಳಿದರು, ಅವರು ಚೆನ್ನಾಗಿಯೇ ಉತ್ತರಿಸಿದರು. ಆದರೆ ಆ ಬೆರಕೆ ಮೊದಲು ಆದದ್ದು ಕನ್ನಡದಲ್ಲಿ. ದಖ್ಖನಿ ಉರ್ದುವಿನಲ್ಲಿ ಜಗಳವಾಡುವ ಹೆಂಗಸರನ್ನು ಕನ್ನಡದಲ್ಲಿ ಜಗಳವಾಡಿಸುವುದೂ ಒಂದು ಅನುವಾದವೇ. ಅದನ್ನು ಮೂಲ ಲೇಖಕಿಯನ್ನು ಕನ್ನಡದ ನಾವೇ ಕೂರಿಸಿಕೊಂಡು ಕೇಳಬಹುದಿತ್ತು. ನಾವು ಅಭಿನಂದನಾ ಸಮಾರಂಭಗಳಲ್ಲಿ ನಿರತರಾಗಿದ್ದೆವು.

ಹೊರಗಿನ ದೇಶಗಳಲ್ಲಿ ಎಲ್ಲ ಸರಿಯಿದೆ ಎಂಬ ಭ್ರಮೆಯೇನೂ ನನಗಿಲ್ಲ. ಆದರೂ ಎರಡು ಉದಾಹರಣೆ ಹೇಳಬೇಕು. ಫ್ರಾನ್ಸಿನ ಟೀವಿಯಲ್ಲಿ 1975ರಿಂದ 1990ರವರೆಗೆ ಶುಕ್ರವಾರ ರಾತ್ರಿ 'ಅಪೊಸ್ಟ್ರೋಫ್' ಎಂಬ ಕಾರ್ಯಕ್ರಮ ನಡೆಯುತ್ತಿತ್ತು. ಬರ್ನಾರ್ಡ್ ಪಿವೋ ಲೇಖಕರನ್ನು ಕೂರಿಸಿಕೊಂಡು ಅವರ ಹೊಸ ಪುಸ್ತಕದ ಬಗ್ಗೆ ಮಾತಾಡಿಸುತ್ತಿದ್ದರು, ಅಲ್ಲಿ ಚೆನ್ನಾಗಿ ಮಾತಾಡಿದವರ ಪುಸ್ತಕಕ್ಕೆ ಮರುದಿನ ಅಂಗಡಿಗಳಲ್ಲಿ ಬೇಡಿಕೆ ಬರುತ್ತಿತ್ತು. ಅಪ್ಪಟ ಪ್ರಚಾರವೇ. ಆದರೆ ಪಿವೋ ಓದಿಕೊಂಡು ಬರುತ್ತಿದ್ದರು, ಅದೇ ಅವರ ಹೆಸರಾಗಿತ್ತು. ಆ ಕಾರ್ಯಕ್ರಮಕ್ಕೆ ಬಂದ ನಬೊಕೊವ್, ಬರೆದಿಟ್ಟುಕೊಂಡ ಉತ್ತರಗಳನ್ನು ಮೇಜಿನ ಮೇಲಿನ ಪುಸ್ತಕಗಳ ಮರೆಯಲ್ಲಿ ಇಟ್ಟುಕೊಂಡು ಓದಿದರು, ಟೀ ಪಾತ್ರೆಯಿಂದ ವಿಸ್ಕಿ ಬಗ್ಗಿಸಿಕೊಂಡರು ಎಂಬ ಕಥೆ ಪ್ರಸಿದ್ಧ. ಬಾಯಿಮಾತಿನ ಮೇಲೆ ಅವರಿಗೆ ನಂಬಿಕೆಯಿರಲಿಲ್ಲ. ಪ್ರಶ್ನೆ ಬರೆದು ಕಳಿಸಿ, ಉತ್ತರ ಬರೆದು ಕೊಡುತ್ತೇನೆ, ಅಕ್ಷರ ಬದಲಿಸದೆ ಅಚ್ಚು ಹಾಕಿ ಎಂಬುದು ಅವರ ಷರತ್ತು.

ಇನ್ನೊಂದು 'ಪ್ಯಾರಿಸ್ ರಿವ್ಯೂ'. 1953ರ ಮೊದಲ ಸಂಚಿಕೆಯಲ್ಲೇ ಇ. ಎಂ. ಫಾರ್ಸ್ಟರ್ ಸಂದರ್ಶನ. ಆ ಸಂದರ್ಶನಗಳ ಗುಣ ಇರುವುದು ಪ್ರಶ್ನೆಯಲ್ಲಲ್ಲ, ಪ್ರಶ್ನೆಯ ಹಿಂದೆ ಬರುವ ಪ್ರಶ್ನೆಯಲ್ಲಿ. 1958ರಲ್ಲಿ ಹೆಮಿಂಗ್ವೇ, 'ಎ ಫೇರ್‌ವೆಲ್ ಟು ಆರ್ಮ್ಸ್' ಕೊನೆಯ ಪುಟವನ್ನು 39 ಸಲ ತಿದ್ದಿ ಬರೆದೆ ಎಂದರು. ನಮ್ಮಲ್ಲಾದರೆ ಅಬ್ಬಾ ಎಂದು ಚಪ್ಪಾಳೆ ಹೊಡೆಸಿ ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೆವು. ಸಂದರ್ಶಕ ಜಾರ್ಜ್ ಪ್ಲಿಂಪ್ಟನ್ ಅಲ್ಲೇ ನಿಂತು, ಯಾಕೆ, ತೊಂದರೆ ಏನಿತ್ತು ಎಂದು ಕೇಳಿದರು. ಪದಗಳು ಸರಿಯಾಗಿ ಕೂರಬೇಕಿತ್ತು ಎಂಬರ್ಥದ ಮೂರು ನಾಲ್ಕು ಪದದ ಉತ್ತರ ಬಂತು. ಹೆಮಿಂಗ್ವೇ ಶೈಲಿಯ ಬಗ್ಗೆ ಉದ್ದುದ್ದ ಬರೆದವರಿಗೂ ಅಷ್ಟು ಚಿಕ್ಕದಾಗಿ ಹೇಳಲು ಆಗಿಲ್ಲ. ಇನ್ನು ಎಲೆನಾ ಫೆರಾಂಟೆ, ಪುಸ್ತಕದ ಪ್ರಚಾರಕ್ಕೆ ತಾನು ಏನೂ ಮಾಡುವುದಿಲ್ಲವೆಂದು ಮೊದಲ ಕಾದಂಬರಿಗೆ ಮುಂಚೆ, 1991ರಲ್ಲೇ, ಪ್ರಕಾಶಕರಿಗೆ ಪತ್ರ ಬರೆದವರು. ಕೊನೆಗೆ ಅವರು ಬರಹದಲ್ಲಿ ಕೊಟ್ಟ ಉತ್ತರಗಳೇ ಒಂದು ದಪ್ಪ ಪುಸ್ತಕವಾದವು. ಮಾತಾಡುವುದಿಲ್ಲ ಎಂದವರ ಮಾತಿಗೇ ಬೇಡಿಕೆ ಹೆಚ್ಚು ಎನ್ನುವುದೂ ಮಾರುಕಟ್ಟೆಯ ಒಂದು ವಿನೋದ.

ಮತ್ತೆ ನಮ್ಮ ಭಾನುವಾರಕ್ಕೆ ಬರುತ್ತೇನೆ. ನಾನು ಅರ್ಧ ಓದಿ ಹೋದದ್ದು ನನ್ನ ತಪ್ಪು, ಅದಕ್ಕೆ ಬೇರೆಯವರನ್ನು ದೂರುವುದಿಲ್ಲ. ಆದರೆ ಪೂರ್ತಿ ಓದಿ ಹೋಗಿದ್ದರೂ ಅವತ್ತು ಏನು ಮಾಡಬಹುದಿತ್ತು? ಕೊನೆಯ ಅಧ್ಯಾಯದ ಬಗ್ಗೆ ಕೇಳುವ ಹಾಗಿರಲಿಲ್ಲ. ಇನ್ನೂ ಓದದ ನೂರು ಜನರ ಮುಂದೆ ಗುಟ್ಟು ಬಿಟ್ಟುಕೊಟ್ಟರೆ ಲೇಖಕಿಗೂ ಪ್ರಕಾಶಕರಿಗೂ ಅನ್ಯಾಯ. ಅತ್ತೆಯೇ ಬರೆದದ್ದು ಎಂಬುದನ್ನು ಮುಟ್ಟದೆ ಆ ಕಾದಂಬರಿಯ ಭಾಷೆಯ ಬಗ್ಗೆ, ಕಾಲದ ಬಗ್ಗೆ, ದೂರಿನ ಬಗ್ಗೆ ಒಂದೂ ನಿಜವಾದ ಪ್ರಶ್ನೆ ಕೇಳಲಾಗದು. ಆಗ ಉಳಿಯುವುದು ಲೇಖಕಿಯ ಬಾಲ್ಯ, ಪ್ರೇರಣೆ, ದಿನಚರಿ, ಮುಂದಿನ ಕೃತಿ. ಅಂದರೆ ಬಿಡುಗಡೆಯ ಸಂವಾದ, ಪುಸ್ತಕದ ಬಗ್ಗೆ ಮಾತಾಡಲು ಸಾಧ್ಯವೇ ಇಲ್ಲದ ಒಂದೇ ಒಂದು ದಿನವನ್ನು ಹುಡುಕಿ ಅವತ್ತೇ ಪುಸ್ತಕದ ಬಗ್ಗೆ ಮಾತಾಡಲು ಕೂರುತ್ತದೆ. ಸಂದರ್ಶಕರು ಸೋಮಾರಿಗಳು ಎಂಬುದು ಅರ್ಧ ಸತ್ಯ. ಉಳಿದರ್ಧ ಈ ವೇಳಾಪಟ್ಟಿಯದು. ಬೂಕರಿನ ಗದ್ದಲದಲ್ಲೂ ಆದದ್ದು ಇದೇ. ಕ್ಯಾಮೆರಾಗಳು ಬಂದದ್ದು ಕಥೆಗಳನ್ನು ಓದಲು ಸಮಯವಿಲ್ಲದ ಆ ವಾರದಲ್ಲಿ.

ಇಷ್ಟು ತಿಳಿದ ಮೇಲೆ, ಎಂಟು ತಿಂಗಳು ಬಿಟ್ಟು, ಆ ಲೇಖಕಿಗೆ ಫೋನ್ ಮಾಡಿದೆ. ಕಾದಂಬರಿಯನ್ನು ಎರಡು ಸಲ ಓದಿದ್ದೇನೆ, ಬಂದು ಮಾತಾಡಬಹುದೇ ಎಂದೆ. "ಅಯ್ಯೋ, ಅದರದ್ದು ಈಗೇನು ಸರ್" ಎಂದರು. ಆಮೇಲೆ ಶಾಲೆಗೆ ರಜೆಯಿದ್ದ ಒಂದು ದಿನ ಬನ್ನಿ ಎಂದರು.

ಅವರ ಮನೆಯ ನಡುಮನೆಯಲ್ಲಿ ಕೂತೆವು. ಕ್ಯಾಮೆರಾ ಇರಲಿಲ್ಲ, ಮೊಬೈಲಿನಲ್ಲಿ ಧ್ವನಿ ಮಾತ್ರ ಹಾಕಿಕೊಂಡೆ. ನಾನು ಕೇಳಬೇಕೆಂದುಕೊಂಡದ್ದು ಒಂದೇ ಪ್ರಶ್ನೆ. ಹತ್ತೊಂಬತ್ತನೆಯ ಪುಟದಲ್ಲಿ ಸೊಸೆ ಅಡುಗೆಮನೆಯನ್ನು ವರ್ಣಿಸುತ್ತಾಳೆ. ಅಲ್ಲಿ 'ನೆಲುವು' ಎಂಬ ಪದ ಬರುತ್ತದೆ, ಸೂರಿನಿಂದ ಇಳಿಬಿಟ್ಟು ಮಡಕೆ ಇಡುವ ಹಗ್ಗದ ನೆಲುವು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬೆಳೆದ ಹುಡುಗಿ ಅದನ್ನು ನೋಡಿ, ಏನೋ ಹಗ್ಗ ನೇತಾಡುತ್ತಿತ್ತು ಎನ್ನಬೇಕಿತ್ತು. ಅವಳ ಬಾಯಿಗೆ ಆ ಪದ ಹೇಗೆ ಬಂತು? ಓದುಗರಿಗೆ ಅನುಮಾನ ಬರಲೆಂದು ನೀವು ಬಿಟ್ಟ ಸುಳಿವೇ ಅದು?

ಆಕೆ ಪುಸ್ತಕ ತರಿಸಿಕೊಂಡು ಆ ಪುಟ ತೆಗೆದು ನೋಡಿದರು. ತುಸು ಹೊತ್ತು ಮಾತಾಡಲಿಲ್ಲ. ಸುಳಿವಲ್ಲ ಸರ್, ಎಂದರು. ಮೊದಲ ಕರಡಿನಲ್ಲಿ ಅತ್ತೆ ಬರೆಯುವ ವಿಚಾರವೇ ಇರಲಿಲ್ಲವಂತೆ. ಪೂರ್ತಿ ಸೊಸೆಯದೇ ಕಥೆ. ನೂರು ಪುಟ ಆದ ಮೇಲೆ ಮಗಳಿಗೆ ಓದಲು ಕೊಟ್ಟರು. ಅವಳು ಹತ್ತು ಪದಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಅಮ್ಮಾ, ಇವನ್ನು ನಮ್ಮ ವಯಸ್ಸಿನವರು ಯಾರೂ ಆಡಲ್ಲ ಎಂದಳು. ನೆಲುವು ಅದರಲ್ಲಿ ಮೊದಲನೆಯದು. "ತಿದ್ದೋಣ ಅಂತ ಕೂತೆ. ತಿದ್ದಿದರೆ ಮನೆಯೇ ಕಾಣಿಸ್ತಿರಲಿಲ್ಲ. ಹಾಗಾದರೆ ಈ ಮನೆಯನ್ನ ನೋಡ್ತಿರೋಳು ಸೊಸೆ ಅಲ್ಲ, ಬೇರೆ ಯಾರೋ ಅಂತ ಆವಾಗ ಗೊತ್ತಾಯ್ತು." ಹತ್ತು ಪದ ಬಿಡಲಾರದೆ ಹೇಳುವವಳನ್ನೇ ಬದಲಿಸಿದರು. ಕೊನೆಯ ಅಧ್ಯಾಯ ಹುಟ್ಟಿದ್ದು ಹಾಗೆ.

ಅಲ್ಲಿಂದ ಮಾತು ಎಲ್ಲೆಲ್ಲೋ ಹೋಯಿತು. ತನ್ನ ವಯಸ್ಸನ್ನು ತಾನೇ ಕೇಳಿಸಿಕೊಳ್ಳುವುದು, ಸೊಸೆಯ ಸಿಟ್ಟನ್ನು ಅತ್ತೆಯ ಕೈಯಲ್ಲಿ ಬರೆಸಿದ ಮೇಲೆ ಅದು ಸಿಟ್ಟೋ ಕ್ಷಮೆಯೋ ಎಂಬುದು, ಶಾಲೆಯ ಹುಡುಗಿಯರ ಕನ್ನಡ. ಐವತ್ತೆರಡು ನಿಮಿಷದ ಧ್ವನಿ. ಪ್ರೇರಣೆ ಏನೆಂದು ನಾನು ಕೇಳಲಿಲ್ಲ, ಮುಂದಿನ ಕೃತಿ ಯಾವುದೆಂದೂ ಕೇಳಲಿಲ್ಲ. ಹೊರಡುವಾಗ ಒಂದು ಪೊಟ್ಟಣ ಕೊಬ್ಬರಿ ಮಿಠಾಯಿ ಕೊಟ್ಟರು.

ಅದನ್ನು ಬರಹಕ್ಕಿಳಿಸಿ, ಅವರಿಗೆ ತೋರಿಸಿ, ಬಿಡುಗಡೆಯ ಸಂವಾದವನ್ನು ಹಾಕಿದ್ದ ಕಡೆಗೇ ಕಳಿಸಿದೆ. ಎರಡು ದಿನ ಬಿಟ್ಟು ಉತ್ತರ ಬಂತು. ಚೆನ್ನಾಗಿದೆ, ಆದರೆ ಆ ಪುಸ್ತಕದ ಪ್ರಚಾರ ಮುಗಿದಿದೆ, ಈಗ ಹೊಸ ಪುಸ್ತಕಗಳ ಸಾಲು ನಿಂತಿದೆ. ಲೇಖಕಿಯ ಮುಂದಿನ ಪುಸ್ತಕ ಬಂದಾಗ ನೋಡೋಣ, ಅದಕ್ಕೆ ಸಂವಾದ ನಡೆಸಿಕೊಡಲು ನೀವೇ ಬರಬೇಕು. ಅರ್ಧ ಓದಿ ಮಾಡಿದ ಆ ನಲವತ್ತು ನಿಮಿಷದ ವಿಡಿಯೋ ಇನ್ನೂ ಅಲ್ಲಿದೆ. ಅದನ್ನು ನೋಡಿದವರ ಸಂಖ್ಯೆ ಕಾದಂಬರಿಯ ಅಚ್ಚಾದ ಪ್ರತಿಗಳಿಗಿಂತ ಎಷ್ಟೋ ಪಟ್ಟು ಹೆಚ್ಚು. ಐವತ್ತೆರಡು ನಿಮಿಷದ್ದು ನನ್ನ ಮೊಬೈಲಿನಲ್ಲಿದೆ.